ಹಗ್ಗದ ಕೊನೆಯಾಳು ಗೂಳಪ್ಪ

ಆಟಗಾರರ ಬದುಕನ್ನು ಸಿನಿಮಾ ಮಾಡುವವರು ಬನಹಟ್ಟಿಯ ಗೂಳಪ್ಪನ ಕಡೆಗೆ ಇನ್ನೂ ಬಂದಿಲ್ಲ. ಬಂದರೆ ಅವರಿಗೊಂದು ತೊಂದರೆ ಕಾದಿದೆ. ಸಿನಿಮಾದ ನಾಯಕ ಓಡಬೇಕು, ಹಾರಬೇಕು, ಬಿದ್ದು ಎದ್ದು ಬೆವರು ಒರೆಸಿಕೊಳ್ಳಬೇಕು. ನಮ್ಮ ನಾಯಕನ ಪರಾಕ್ರಮವೆಲ್ಲ ಇದ್ದದ್ದು ನಿಂತ ಜಾಗದಿಂದ ಕದಲದೆ ಇರುವುದರಲ್ಲಿ. ಹಗ್ಗ ಜಗ್ಗಾಟದಲ್ಲಿ ಏಳು ಜನರ ಹಿಂದೆ, ಹಗ್ಗದ ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು ನಿಲ್ಲುವ ಕೊನೆಯಾಳು ಅವನು. ಭೀಮನಿಗಾದರೂ ಗದೆ ತಿರುಗಿಸುವ ಅವಕಾಶವಿತ್ತು. ಗೂಳಪ್ಪನಿಗೆ ಅದೂ ಇರಲಿಲ್ಲ.

ಗೂಳಪ್ಪ ಕುಣಿಮಗ್ಗದ ನೇಕಾರ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು, ಅದರ ಅಂಚಿನಲ್ಲಿ ಕುಳಿತು ದಿನವಿಡೀ ಸೀರೆ ನೇಯುವವನು. ಎಡಗಡೆ ಅವನ ಹೆಂಡತಿ ಬನಶಂಕರಿ ರಾಟಿಯ ಮುಂದೆ ಕುಳಿತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಅವಳ ಕೈ ರಾಟಿಯ ಮೇಲೆ, ಕಣ್ಣು ಮಗ್ಗದ ಮೇಲೆ. ಮಗ್ಗಕ್ಕೆ ಉದ್ದಕ್ಕೆ ಬಿಗಿದ ನೂಲಿನ ಹಾಸಿನಲ್ಲಿ ಒಂದು ಎಳೆ ಹರಿದರೆ ಸಾಕು, "ಎಳಿ" ಎನ್ನುತ್ತಿದ್ದಳು. ಗೂಳಪ್ಪನ ಕೈಕಾಲು ಅಲ್ಲಿಗಲ್ಲಿಗೇ ನಿಲ್ಲುತ್ತಿದ್ದವು. ಹರಿದದ್ದನ್ನು ಹುಡುಕಿ ಗಂಟು ಹಾಕಿದ ಮೇಲೆಯೇ ಮಗ್ಗ ಮುಂದೆ ನಡೆಯುವುದು. ಆ ಓಣಿಯ ಪ್ರತಿ ಮನೆಯಲ್ಲೂ ಇದೇ ಪದ್ಧತಿ. ಆದರೆ ಇವರ ಮನೆಯಲ್ಲಿ ಹದಿನಾಲ್ಕು ವರ್ಷದ ಸಂಸಾರದ ಮಾತುಕತೆಯ ಮುಕ್ಕಾಲು ಪಾಲು ಆ ಒಂದೇ ಶಬ್ದದಲ್ಲಿ ಮುಗಿದಿತ್ತು. ಜಗಳವಾಡಿ ಮಾತು ಬಿಟ್ಟ ದಿನಗಳಲ್ಲೂ ಬನಶಂಕರಿ ಅದೊಂದನ್ನು ಬಿಡುತ್ತಿರಲಿಲ್ಲ.

ಅರವತ್ತಾರರ ಬೇಸಿಗೆಯಲ್ಲಿ ಮೂರು ದಿನದ ಜ್ವರದಲ್ಲಿ ಅವಳು ತೀರಿಕೊಂಡಳು. ಗೂಳಪ್ಪ ಅಳಲಿಲ್ಲ. ನೆರೆಯವರಿಗೆ ಇದು ಸರಿ ಕಾಣಲಿಲ್ಲ.

"ಒಮ್ಮೆ ಅತ್ತುಬಿಡೋ ತಮ್ಮಾ, ಹಗುರ ಆಕ್ಕೈತಿ" ಎಂದರು.

"ಆತು, ಅಳ್ತೀನಿ" ಎಂದು ಅವನು ರೊಟ್ಟಿ ಮುರಿದುಕೊಂಡ.

ಹದಿನೈದು ದಿನಕ್ಕೆ ಮಗ್ಗಕ್ಕೆ ಕುಳಿತ. ಎಳೆ ಹರಿದರೆ ಅವನಿಗೆ ತಿಳಿಯುತ್ತಿರಲಿಲ್ಲ. ಕಣ್ಣು ಅದರ ಮೇಲೆಯೇ ಇರುತ್ತಿತ್ತು, ಕೈ ನಿಲ್ಲುತ್ತಿರಲಿಲ್ಲ. ಸೀರೆಯ ಉದ್ದಕ್ಕೂ ಬಿಳಿ ಗೆರೆಗಳು ಬಿದ್ದವು. ನೂಲು ಕೊಟ್ಟು ಸೀರೆ ಕೊಳ್ಳುತ್ತಿದ್ದ ಸಾಹುಕಾರ ಅಪ್ಪಾಸಾಬ ಅದನ್ನು ಬೆಳಕಿಗೆ ಹಿಡಿದು ನೋಡಿದ.

"ಏನೋ ಇದು ಗೂಳಪ್ಪಾ? ಇದನ್ನ ಉಟ್ಟಾಕಿ ಮೈಯೆಲ್ಲಾ ಕಾಣ್ತೈತಲ್ಲೋ."

"ಕಾಣಲಿಲ್ಲರಿ."

"ಯಾರಿಗೆ? ಆಕಿಗೋ, ನಿನಗೋ?"

ತೇರದಾಳದಿಂದ ಅಕ್ಕ ಹಾಲವ್ವನನ್ನು ಕರೆಸಿದರು. ಅವಳು ರಾಟಿಗೆ ಕುಳಿತು, ಪದ್ಧತಿಯ ಪ್ರಕಾರ "ಎಳಿ" ಎಂದಳು. ಗೂಳಪ್ಪ ಎದ್ದು ಹೊರಗೆ ಹೋದ. ತಿರುಗಿ ಬಂದು, "ಯಕ್ಕಾ, ಆ ಶಬ್ದ ಬ್ಯಾಡ" ಎಂದ.

"ಮತ್ತ ಏನ ಅನ್ಲ್ಯೋ?"

"ಏನೂ ಅನಬ್ಯಾಡ."

ಏನೂ ಅನ್ನದೆ ಕೂಡಲು ಹಾಲವ್ವನಿಗೆ ಹುಟ್ಟಿದಾರಭ್ಯ ರೂಢಿಯಿರಲಿಲ್ಲ. ನಾಲ್ಕನೆಯ ದಿನ ಬಸ್ಸು ಹತ್ತಿದಳು. ಗೂಳಪ್ಪನಿಗೆ ಒಂದು ಮಾತು ಖಚಿತವಾಯಿತು. ಆ ಕುಣಿಯಲ್ಲಿ ಇನ್ನು ತಾನು ಕೂಡುವುದು ಸಾಧ್ಯವಿಲ್ಲ.

ಅವನೊಳಗಿನ ಮಹಾವೀರ ಬೆಳಕಿಗೆ ಬಂದದ್ದು ಮುಂದಿನ ತಿಂಗಳು. ನೂಲಿನ ಗಂಟು ಹೇರಿದ ಬಂಡಿಯೊಂದು ಓಣಿಯ ಇಳಿಜಾರಿನಲ್ಲಿ ಎತ್ತು ಬಿಚ್ಚಿದ ಹೊತ್ತಿಗೆ ಹಿಂದಕ್ಕೆ ಉರುಳತೊಡಗಿತು. ಜನ ದಿಕ್ಕಾಪಾಲಾಗಿ ಓಡಿದರು. ದಾರಿಯಲ್ಲಿ ಹೋಗುತ್ತಿದ್ದ ಗೂಳಪ್ಪನ ಕೈಗೆ ಬಂಡಿಯ ಹಗ್ಗ ಸಿಕ್ಕಿತು, ಹಿಡಿದುಕೊಂಡ. ಬಂಡಿ ನಿಂತಿತು. ಗಾಲಿಗೆ ಕಲ್ಲು ಕೊಟ್ಟು, ಗಂಟು ಇಳಿಸಿ, ಜನರೆಲ್ಲ ಚಹಾ ಕುಡಿಯಲು ಕುಳಿತರೂ ಇವನು ಹಗ್ಗ ಹಿಡಿದೇ ನಿಂತಿದ್ದ.

"ಬಿಡೋ ಮಾರಾಯಾ, ಎಲ್ಲಾ ಆತು" ಎಂದ ಅಪ್ಪಾಸಾಬ.

"ಹೂಂ. ಬಿಡ್ಲ್ಯಾ?"

ಅಂಗೈ ಸುಲಿದು ರಕ್ತ ಬಂದಿತ್ತು. ಗೂಳಪ್ಪ ಅದನ್ನು ಬೇರೆ ಯಾರದೋ ಕೈಯಂತೆ ನೋಡಿದ. ಅಪ್ಪಾಸಾಬನ ತಲೆಯಲ್ಲಿ ಅದೇ ಕ್ಷಣ ರಣಕಹಳೆ ಮೊಳಗಿತು. ನವೆಂಬರ್ ಒಂದಕ್ಕೆ ರಾಜ್ಯ ಕೂಡಿ ಹತ್ತು ವರ್ಷ ತುಂಬುವುದಿತ್ತು. ಜಮಖಂಡಿಯಲ್ಲಿ ಆಟಗಳು ನಿಗದಿಯಾಗಿದ್ದವು. ಹಗ್ಗ ಜಗ್ಗಾಟದ ಹುಚ್ಚಿದ್ದ ಅಧಿಕಾರಿಯೊಬ್ಬರು, ಗೆದ್ದ ತಂಡದ ಕೊನೆಯಾಳನ್ನು ತಮ್ಮ ಕಚೇರಿಯಲ್ಲಿ ಸಿಪಾಯಿ ಮಾಡಿಕೊಳ್ಳುವುದಾಗಿ ನಾಲ್ಕು ಜನರೆದುರು ಹೇಳಿದ್ದರು.

"ಸಿಪಾಯಿ ಆದ್ರ ಮಗ್ಗದಾಗ ಕೂಡೂದು ಇರಂಗಿಲ್ಲೇನ್ರಿ?" ಎಂದು ಗೂಳಪ್ಪ ಕೇಳಿದ.

"ಸ್ಟೂಲಿನ ಮ್ಯಾಲ ಕೂಡೂದು. ಗಂಟಿ ಬಾರಿಸಿದ್ರ ಏಳೂದು."

"ಹಂಗಾರ ಬರ್ತೀನ್ರಿ."

ಎಂಟು ಜನ ನೇಕಾರರ ಸೈನ್ಯ ಸಿದ್ಧವಾಯಿತು. ಜಮಖಂಡಿಯ ಬಯಲಿನಲ್ಲಿ ಜನ ಇವರನ್ನು ಕಂಡು ನಕ್ಕರು. ಆದರೆ ಕುಣಿಮಗ್ಗದವರ ಹಿಮ್ಮಡಿ ಎಂಥದೆಂದು ಅವರಿಗೆ ಗೊತ್ತಿರಲಿಲ್ಲ. ಅಪ್ಪಾಸಾಬ ಪಕ್ಕದಲ್ಲಿ ನಿಂತು "ಜಗ್ಗ್ರೀ, ಹೋ" ಎಂದು ತಾಳ ಹಾಕಿದ. ಮುಧೋಳದವರು ಮುಂದಕ್ಕೆ ಜಾರಿ ಬಂದರು. ಬೀಳಗಿಯವರು ಬರಲೊಲ್ಲೆವೆಂದು ಕುಳಿತರು, ಕುಳಿತಂತೆಯೇ ಬಂದರು. ಗೂಳಪ್ಪ ಮಾತ್ರ ಬಸ್ಸಿಗೆ ಕಾಯುವವನಂತೆ ನಿಂತಿದ್ದ.

ಕೊನೆಯ ಸುತ್ತು ಹುನ್ನೂರಿನ ಒಕ್ಕಲುತನದವರ ಮೇಲೆ. ಅವರ ಕೊನೆಯಾಳು ಬಸಗೊಂಡಪ್ಪ, ಬಾಗಿಲಲ್ಲಿ ಓರೆಯಾಗಿ ಒಳಗೆ ಬರಬೇಕಾದ ಗಾತ್ರ.

"ಏ ಮಗ್ಗದಪ್ಪಾ" ಎಂದು ಅವನು ಕೂಗಿದ, "ಹಗ್ಗ ಅಂದ್ರ ದಪ್ಪ ನೂಲ ಅಂತ ತಿಳದಿಯೇನು?"

"ಹೌದಲ್ಲೇನು?" ಎಂದ ಗೂಳಪ್ಪ. ಅವನು ನಿಜವಾಗಿಯೇ ಕೇಳಿದ್ದ.

ಮೊದಲ ಜಗ್ಗಾಟ ಇವರದಾಯಿತು. ಎರಡನೆಯದರ ನಡುವೆ ಅಪ್ಪಾಸಾಬನ ಗಂಟಲು ಕೈಕೊಟ್ಟಿತು. ಬಾಯಿ ತೆರೆದರೆ ಗಾಳಿ ಬಂತು, ಶಬ್ದ ಬರಲಿಲ್ಲ. ತಾಳ ತಪ್ಪಿ ಆ ಜಗ್ಗಾಟ ಹುನ್ನೂರಿಗೆ ಹೋಯಿತು. ಉಳಿದದ್ದು ಒಂದೇ.

ಆಗ ಮುಂದೆ ಬಂದವರು ಡ್ರಿಲ್ ಮೇಷ್ಟ್ರು ಚಲುವೇಗೌಡರು. ಮಂಡ್ಯದ ಕಡೆಯಿಂದ ಆ ಜೂನ್‌ನಲ್ಲಿ ವರ್ಗವಾಗಿ ಬಂದವರು, ಬೆಳಿಗ್ಗೆಯಿಂದ ನೇಕಾರರಿಗೆ ಮನಸೋತಿದ್ದರು. "ನಾನು ಕೂಗ್ತೀನಿ ಬಿಡಿ ಸಾಹುಕಾರ್ರೇ, ಅದೇನ್ ಮಹಾ" ಎಂದು ಪ್ಯಾಂಟು ಮೇಲಕ್ಕೆಳೆದುಕೊಂಡು ಪಕ್ಕಕ್ಕೆ ನಿಂತರು.

ಸೀಟಿ ಊದಿದರು. ಹಗ್ಗ ಬಿಗಿಯಿತು. ನಡುವಿನ ಗುರುತು ಬನಹಟ್ಟಿಯ ಕಡೆಗೆ ಒಂದು ಗೇಣು ಬಂತು. ಇನ್ನೊಂದು ಮೊಳ ಬಂದರೆ ಮುಗಿಯಿತು. ಮೇಷ್ಟ್ರು ಎದೆ ತುಂಬ ಉಸಿರು ಎಳೆದುಕೊಂಡು, ತಮ್ಮ ಊರಿನ ಭಾಷೆಯಲ್ಲಿ, ಪ್ರೀತಿಯಿಂದ ಕೂಗಿದರು:

"ಎಳಿ!"

ಅವರ ಕಡೆ ಜಗ್ಗು ಎನ್ನುವುದಕ್ಕೆ ಎಳಿ ಎನ್ನುತ್ತಾರೆ. ಹತ್ತು ವರ್ಷದ ಹಿಂದೆ ರಾಜ್ಯ ಒಂದು ಮಾಡಿದವರು ಈ ಶಬ್ದವನ್ನು ವಿಚಾರಿಸಿರಲಿಲ್ಲ.

ಒಂಬತ್ತು ವರ್ಷಕ್ಕೇ ಮಗ್ಗ ಹತ್ತಿದ್ದ ಎಂಟೂ ಜನರ ಕೈ ಒಟ್ಟಿಗೆ ನಿಂತವು. ರೆಪ್ಪೆ ಬಡಿಯುವಷ್ಟು ಹೊತ್ತು. ಮುಂದಿನ ಏಳು ಜನ ತಮ್ಮ ತಪ್ಪು ಅರಿವಾಗಿ, ಮೇಷ್ಟ್ರ ವಂಶವನ್ನು ನೆನೆದು, ಮತ್ತೆ ಹಗ್ಗ ಹಿಡಿದರು. ಹಿಂದೆ ಗೂಳಪ್ಪ ಹಿಡಿಯಲಿಲ್ಲ. ಅವನು ಎಡಕ್ಕೆ ತಿರುಗಿ ನೆಲ ನೋಡುತ್ತಿದ್ದ. ಹುನ್ನೂರಿನವರು ಎಂಟೂ ಜನರನ್ನು ಬಯಲಿನುದ್ದಕ್ಕೆ ಎಳೆದುಕೊಂಡು ಹೋದರು. ಸೊಂಟಕ್ಕೆ ಹಗ್ಗ ಸುತ್ತಿದ್ದರಿಂದ ಗೂಳಪ್ಪನೂ ಹೋದ, ಎಡಕ್ಕೆ ನೋಡುತ್ತಲೇ.

ಧೂಳು ಇಳಿದ ಮೇಲೆ ಅಪ್ಪಾಸಾಬ ಇದ್ದ ಪಿಸುದನಿಯಲ್ಲೇ ಕೇಳಿದ.

"ಏನಾತೋ?"

"ಎಳಿ ಅಂದ್ರಲ್ರಿ. ನಿಂತ್ನಿ."

"ಎಲ್ಲಾರೂ ನಿಂತ್ರು. ಮತ್ತ ಹಿಡದ್ರು. ನೀ ಯಾಕ ಹಿಡೀಲಿಲ್ಲ?"

"ಎಲ್ಲಿ ಹರದೈತಿ ಅಂತ ನೋಡಾಕತ್ತಿದ್ನಿರಿ."

ಅಪ್ಪಾಸಾಬ ಅವನ ಸೊಂಟದ ಹಗ್ಗ ಬಿಚ್ಚಿದ.

ಬಸಗೊಂಡಪ್ಪ ಸಿಪಾಯಿಯಾದ. ಇಪ್ಪತ್ತೇಳು ವರ್ಷ ಸ್ಟೂಲಿನ ಮೇಲೆ ಕುಳಿತ, ಅಷ್ಟರಲ್ಲಿ ಐದು ಸ್ಟೂಲು ಮುರಿದ. ಚಲುವೇಗೌಡರು ಇನ್ನೊಮ್ಮೆ ಆಡಿಸಬೇಕೆಂದು ಮೂರು ಅರ್ಜಿ ಬರೆದರು. ಅಧಿಕಾರಿಗೆ ಹಗ್ಗದ ಹುಚ್ಚು ಇಳಿದು ಕಬಡ್ಡಿಯ ಹುಚ್ಚು ಹತ್ತಿತ್ತು.

ಗೂಳಪ್ಪ ಮಗ್ಗ ಬಿಚ್ಚಿ ಅದರ ಕಟ್ಟಿಗೆಯನ್ನು ಯಾರಿಗೋ ಕೊಟ್ಟುಬಿಟ್ಟ. ಕುಣಿಗೆ ಮಣ್ಣು ತುಂಬಿದ. ಅಪ್ಪಾಸಾಬ ಆಗತಾನೆ ಹಾಕಿಸಿದ್ದ ಪವರ್‌ಲೂಮ್ ಶೆಡ್ಡಿಗೆ ಹೋಗಿ ಕೆಲಸ ಕೇಳಿದ. ಇಪ್ಪತ್ನಾಲ್ಕು ಮಗ್ಗಗಳು ಒಟ್ಟಿಗೆ ಬಡಿಯುವ ಜಾಗ. ಒಬ್ಬರ ಕಿವಿಯಲ್ಲಿ ಇನ್ನೊಬ್ಬರು ಬಾಯಿಟ್ಟರೂ ಕೇಳುವುದಿಲ್ಲ. ಎಳೆ ಅಲ್ಲಿಯೂ ಹರಿಯುತ್ತಿತ್ತು, ಕೂಗುವವರಿರಲಿಲ್ಲ. ಗೂಳಪ್ಪ ತಾನೇ ನೋಡಿ ಗಂಟು ಹಾಕುವುದನ್ನು ಕಲಿತ. ಅವನ ಸೀರೆಗಳಲ್ಲಿ ಗೆರೆ ಬೀಳುವುದು ನಿಂತಿತು. ಹತ್ತು ವರ್ಷಕ್ಕೆ ಒಂದು ಕಿವಿ ಹೋಯಿತು, ಅವನು ಔಷಧ ಮಾಡಿಸಲಿಲ್ಲ.

ಎಂಬತ್ತೊಂದರಲ್ಲಿ ನಿವೃತ್ತಿಯಾಗಿ ಊರಿಗೆ ಹೊರಟ ಚಲುವೇಗೌಡರು ಹುಡುಕಿಕೊಂಡು ಶೆಡ್ಡಿಗೆ ಬಂದರು. ಮಗ್ಗಗಳ ನಡುವೆ ನಿಂತು, ಕೈ ಜೋಡಿಸಿ, ಕಣ್ಣು ತುಂಬಿಕೊಂಡು ಕಾಲು ಗಂಟೆ ಮಾತನಾಡಿದರು. ಗೂಳಪ್ಪ ನಡುವೆ ಚಹಾ ತರಿಸಿ ಕೊಟ್ಟ, ಎಲ್ಲದಕ್ಕೂ ತಲೆಯಾಡಿಸಿದ, ಬಾಗಿಲವರೆಗೆ ಕಳಿಸಿ ಬಂದ.

ಮೇಷ್ಟ್ರು ಏನಂದರೆಂದು ಸಂಜೆ ಅಪ್ಪಾಸಾಬ ಕೇಳಿದ.

"ಏನೋ ಅಂದ್ರು ನೋಡ್ರಿ" ಎಂದ ಗೂಳಪ್ಪ. "ಚಹಾದಾಗ ಸಕ್ಕರಿ ಕಡಿಮಿ ಆಗಿತ್ತಂತ ಕಾಣ್ತೈತಿ."