ಅತ್ತಿಗೆ ಹೇಳಿದ ಒಂದು ಸುಳ್ಳು

ಹೋದ ತಿಂಗಳು ತಂಗಿಯ ಕಣ್ಣು ತೋರಿಸಲೆಂದು ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ಕೂತಿದ್ದೆ. ಪಕ್ಕದ ಕುರ್ಚಿಗೆ ಒಬ್ಬ ಹೆಣ್ಣುಮಗಳು ಬಂದು ಕೂತಳು. ತಲೆಯಲ್ಲಿ ಮರುಗ ಮುಡಿದಿದ್ದಳು. ಆಗಷ್ಟೇ ನೆಲ ಒರೆಸಿದ ಫಿನಾಯಿಲ್, ಒಳಗಿನಿಂದ ಬರುತ್ತಿದ್ದ ಸ್ಪಿರಿಟ್ಟು, ಅದರ ಮೇಲೆ ಈ ಮರುಗ... ಮೂರೂ ಸೇರಿ ಮೂಗಿಗೆ ಬಡಿದಾಗ ಎದ್ದು ಹೊರಗೆ ಬಂದು ನಿಂತೆ. ಇಷ್ಟು ವರ್ಷಗಳಾದ ಮೇಲೂ ಆ ವಾಸನೆ ನನ್ನನ್ನು ಸೀದಾ ಒಂದು ಮರದ ಬೆಂಚಿಗೆ, ಅತ್ತಿಗೆಯ ಪಕ್ಕಕ್ಕೆ ಕರೆದೊಯ್ಯುತ್ತದೆ.

ಅತ್ತಿಗೆ ಎಂದರೆ ನಮ್ಮ ಸಂಬಂಧದವರೇನಲ್ಲ. ಹರಿಹರದಲ್ಲಿ ನಮ್ಮ ಪಕ್ಕದ ಮನೆಯ ಸೊಸೆ. ಆ ಮನೆಯ ಮಗನನ್ನು ನಾನು ಚಿಕ್ಕಂದಿನಿಂದ ಅಣ್ಣ ಎನ್ನುತ್ತಿದ್ದೆ, ಹಾಗಾಗಿ ಇವರು ಅತ್ತಿಗೆಯಾದರು. ಹತ್ತಿರದ ಸಾರಥಿ ಎಂಬ ಹಳ್ಳಿಯ ಒಕ್ಕಲುತನದ ಮನೆಯಿಂದ ಬಂದವರು, ಪಿಯುಸಿ ಪಾಸಾಗಿದ್ದರು. ನಗು ಬಂದರೆ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು, ಆದರೆ ನಗು ಭುಜದಲ್ಲಿ ಕುಣಿಯುತ್ತಲೇ ಇರುತ್ತಿತ್ತು. ನಾನಾಗ ಡಿಗ್ರಿ ಓದುತ್ತಿದ್ದೆ. ಬೆಳಿಗ್ಗೆ ರೈಲಿಗೆ ದಾವಣಗೆರೆಗೆ ಹೋಗಿ ಸಂಜೆ ಮರಳುವಷ್ಟರಲ್ಲಿ ಅತ್ತಿಗೆ ಹಿತ್ತಲಿನ ಗೋಡೆಯ ಆಚೆ ಕಾಯುತ್ತಿರುತ್ತಿದ್ದರು. ಕ್ಲಾಸಿನಲ್ಲಿ ಏನಾಯಿತು, ಯಾವ ಮೇಡಮ್ಮು ಎಂಥ ಸೀರೆ ಉಟ್ಟಿದ್ದರು, ರೈಲಿನಲ್ಲಿ ಯಾರು ಯಾರ ಜೊತೆ ಜಗಳವಾಡಿದರು, ಎಲ್ಲವೂ ಅವರಿಗೆ ಬೇಕಿತ್ತು. ನನ್ನ ಸಮಾಜಶಾಸ್ತ್ರದ ಪುಸ್ತಕಗಳನ್ನು ನನಗಿಂತ ಮೊದಲು ಅವರೇ ಓದಿ ಮುಗಿಸಿರುತ್ತಿದ್ದರು.

ಅಣ್ಣನಿಗೆ ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ಒಂದು ಸಣ್ಣ ಎಣ್ಣೆ ಮಿಲ್ಲಿತ್ತು. ಸ್ಕೂಟರಿನಲ್ಲಿ ಹೋಗಿ ಸಂಜೆಗೆ ಮೈತುಂಬ ಶೇಂಗಾ ಹಿಂಡಿಯ ವಾಸನೆ ಹೊತ್ತು ಬರುತ್ತಿದ್ದರು. ಮಾತು ಕಡಿಮೆ. ಮನೆಯಲ್ಲಿ ನಡೆಯುತ್ತಿದ್ದುದು ಅವರ ತಾಯಿಯ ಮಾತು. ಆಕೆ ಕೆಟ್ಟವರು ಎಂದು ನಾನು ಹೇಳಲಾರೆ. ನನಗೆ ಟೈಫಾಯಿಡ್ ಬಂದಾಗ ದಿನವೂ ಗಂಜಿ ಕಾಸಿ ತಂದವರು ಅವರೇ. ಇಬ್ಬರು ಮೊಮ್ಮಕ್ಕಳ ತಲೆ ಬಾಚಿ, ಹಣೆಗೆ ವಿಭೂತಿ ಹಚ್ಚಿ, ಕೈಹಿಡಿದು ಶಾಲೆಗೆ ಬಿಟ್ಟು ಬರುತ್ತಿದ್ದರು. ಆದರೆ ಬರುವಾಗ ನಮ್ಮ ಬಾಗಿಲಲ್ಲಿ ನಿಂತು ಅಮ್ಮನ ಹತ್ತಿರ ಒಮ್ಮೆಯಾದರೂ, "ಎರಡೂ ಬಂಗಾರದಂಥವು. ಆದ್ರೆ ಮಿಲ್ಲು ನೋಡ್ಕಳ್ಳಾಕೆ ಒಬ್ಬ ಬೇಕಲ್ಲವ್ವಾ" ಎನ್ನದೆ ಹೋಗುತ್ತಿರಲಿಲ್ಲ.

ಎರಡನೆಯ ಮಗಳು ಶಾಲೆಗೆ ಸೇರಿದ ವರ್ಷ ಅತ್ತಿಗೆ ಮತ್ತೆ ಬಸಿರಾದರು. ಒಂದು ದಿನ ಅವರತ್ತೆ ಬಾಡಿಗೆ ಕಾರು ಮಾಡಿಕೊಂಡು, ಚೆಕಪ್ ಅಂತ ಹೇಳಿ ಅವರನ್ನು ದಾವಣಗೆರೆಗೆ ಕರೆದುಕೊಂಡು ಹೋದರು. ಕೆಲವು ದಿನ ಬಿಟ್ಟು ಮತ್ತೊಮ್ಮೆ ಹೋದರು. ಎರಡನೆಯ ಸಲ ಅತ್ತಿಗೆ ಕಾರಿನಿಂದ ಇಳಿಯುವಾಗ ಬಾಗಿಲು ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದರು. ಆಮೇಲೆ ತಿಂಗಳುಗಟ್ಟಲೆ ಹಿತ್ತಲಿಗೆ ಬರಲಿಲ್ಲ. ಬೀದಿಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಆಡಲಿಲ್ಲ. ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ಸ್ಕ್ಯಾನು ಮಾಡಿ ಹೇಳುವುದು ತಪ್ಪು ಎಂದು ಕಾನೂನು ಬಂದಾಗಿತ್ತು. ಆದರೆ ಯಾವ ಬೀದಿಯಲ್ಲಿ ಮಾಡುತ್ತಾರೆಂಬುದು ಊರಿನ ಹೆಂಗಸರಿಗೆಲ್ಲ ಗೊತ್ತಿತ್ತು.

"ಹೊಟ್ಟಿ ಮ್ಯಾಲೆ ತಣ್ಣಗೆ ಏನೋ ಹಚ್ಚಿದ್ರು. ಡಾಕ್ಟ್ರು ನನ್ ಮುಖ ನೋಡ್ಲಿಲ್ಲ, ಅತ್ತಿ ಮುಖ ನೋಡಿ ತಲಿ ಆಡಿಸಿದ್ರು. ಅಷ್ಟೇ. ನನ್ನ ಯಾರೂ ಏನೂ ಕೇಳ್ಲಿಲ್ಲ" ಎಂದು ಅತ್ತಿಗೆ ಮುಂದೊಂದು ಸಂಜೆ ಗೋಡೆಗೆ ಒರಗಿ ಹೇಳಿದರು. ಉಗುರಿನಿಂದ ಗೋಡೆಯ ಸುಣ್ಣ ಕೆರೆಯುತ್ತಿದ್ದರು. ಅಂಗೈ ಕಾಗದದಂತೆ ಬಿಳಚಿತ್ತು.

ವರ್ಷ ತುಂಬುವುದರೊಳಗೆ ಮತ್ತೆ ಮುಟ್ಟು ನಿಂತಿತು. ಹರಿಹರದಲ್ಲೇ ತೋರಿಸಿದ್ದ ಲೇಡಿ ಡಾಕ್ಟರು ಮೈಯಲ್ಲಿ ರಕ್ತವೇ ಇಲ್ಲ, ಇನ್ನೆರಡು ವರ್ಷ ಬಸಿರಾಗಕೂಡದು ಎಂದು ಹಿಂದೆಯೇ ಎಚ್ಚರಿಸಿದ್ದರು. ಅತ್ತಿಗೆ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ನನ್ನನ್ನು ಕರೆದು, "ತಂಗೀ, ನಾಳೆ ನಿನ್ ಜೊತೆ ದಾವಣಗೆರೆಗೆ ಬರ್ತೀನಿ. ಇದನ್ನ ತೆಗೆಸ್ಕಬೇಕು. ಆಸ್ಪತ್ರೆ ಒಳಗೆ ಒಬ್ಳೇ ಹೋಗಾಕೆ ಧೈರ್ಯ ಸಾಲಂಗಿಲ್ಲ" ಎಂದರು.

"ರಕ್ತ ಇಲ್ಲ ಅಂತಾನಾ ಅತ್ತಿಗೆ?"

"ಅದೂ ಐತೆ." ತಮ್ಮ ಹಿತ್ತಲ ಬಾಗಿಲ ಕಡೆ ಒಮ್ಮೆ ನೋಡಿದರು. "ನಾಲ್ಕನೇ ತಿಂಗಳಿಗೆ ಮತ್ತೆ ಆ ಸ್ಕ್ಯಾನಿಗೆ ಕರ್ಕಂಡು ಹೋಗ್ತಾರೆ. ಹೆಣ್ಣು ಅಂದ್ರೆ ಮತ್ತೆ ಅದೇ. ಇನ್ನೊಂದ್ಸಲ ಆ ಟೇಬಲ್ ಮ್ಯಾಲೆ ಮಲಗಿ ಅವ್ರ ತಲಿ ಆಡೋದ್ನ ನೋಡಾಕೆ ನನ್ ಕೈಲಿ ಆಗಲ್ಲ. ಏನಂತ ಯಾರಿಗೂ ಗೊತ್ತಾಗೋಕೆ ಮುಂಚೇನೇ ಮುಗಿಸ್ಬೇಕು."

ಬೇರೆ ಕಡೆ ದಾರಿ ಗೊತ್ತಿಲ್ಲದ್ದರಿಂದ ಅತ್ತೆ ಕರೆದೊಯ್ದಿದ್ದ ಅದೇ ಕ್ಲಿನಿಕ್ಕಿಗೇ ಹೋದೆವು. ಕಿರಿದಾದ ವರಾಂಡ, ಮರದ ಬೆಂಚು, ಫಿನಾಯಿಲ್ ವಾಸನೆ. ಅತ್ತಿಗೆ ಪೇಟೆಗೆ ಹೊರಟವರಂತೆ ಕಾಣಲೆಂದು ಮರುಗ ಮುಡಿದು ಬಂದಿದ್ದರು. ಮುಂದೆ ಕೂತಿದ್ದ ಸಿಸ್ಟರು ಗುರುತು ಹಿಡಿದು ನಕ್ಕರು. "ನಿಮ್ಮತ್ತೇರು ಬಂದಿಲ್ಲೇನ್ರಿ?" ಎಂದು ಹೊರಬಾಗಿಲ ಕಡೆ ನೋಡಿದರು.

ಒಳಗೆ ಡಾಕ್ಟರು ತಾಳ್ಮೆಯಿಂದಲೇ ಕೇಳಿಸಿಕೊಂಡರು. ಕೊನೆಗೆ, "ಯಜಮಾನ್ರನ್ನ ಕರ್ಕೊಂಡು ಬಾಮ್ಮ, ಅವರ ಸಹಿ ಬೇಕು" ಎಂದರು.

"ಹೋದ್ಸಲ ಅವರು ಬಂದಿರ್ಲಿಲ್ಲಲ್ರೀ" ಎಂದರು ಅತ್ತಿಗೆ.

"ಮನೆ ಹಿರಿಯರು ಇದ್ದರಲ್ಲ. ನಾಳೆ ಅವರು ಬಂದು ಗಲಾಟೆ ಮಾಡಿದ್ರೆ ನಾವೇನು ಹೇಳೋದು? ಒಂದು ಕೆಲಸ ಮಾಡು. ಇನ್ನೂ ಟೈಮಿದೆ, ಸ್ಕ್ಯಾನ್ ಮಾಡಿಸಿ ಏನು ಅಂತ ನೋಡಿಕೊಂಡು, ಅತ್ತೆಯವರ ಜೊತೇಲೇ ಬಾ."

"ಆವಾಗ ಬ್ಯಾಡ ಅಂದೋರು ಅವರು. ಈಗ ಬ್ಯಾಡ ಅನ್ನೋಳು ನಾನು" ಎಂದರು ಅತ್ತಿಗೆ. ದನಿ ಏರಲಿಲ್ಲ. ನಿಜವಾಗಿಯೂ ಅರ್ಥವಾಗದವರು ಕೇಳುವ ಹಾಗೆ, "ಅವರು ಅಂದ್ರೆ ಆಗ್ತೈತೆ, ನಾನಂದ್ರೆ ಯಾಕ ಆಗಂಗಿಲ್ರೀ?" ಎಂದರು.

ಡಾಕ್ಟರು ಗಂಟೆ ಒತ್ತಿ ಮುಂದಿನವರನ್ನು ಕರೆದರು.

ಅಲ್ಲಿಂದ ದೊಡ್ಡಾಸ್ಪತ್ರೆಗೆ ಹೋದೆವು. ಸಾಲಿನಲ್ಲಿ ನಿಂತು ನಿಂತು ಅತ್ತಿಗೆ ನೆಲದ ಮೇಲೇ ಕೂತುಬಿಟ್ಟರು. ನಮ್ಮ ಸರದಿ ಬಂದಾಗ ಮೇಜಿನ ಹಿಂದಿದ್ದ ಹೆಂಗಸು ಎಷ್ಟು ಮಕ್ಕಳು ಎಂದು ಕೇಳಿ, "ಎರಡಾದ ಮೇಲೆ ಆಪರೇಷನ್ ಮಾಡಿಸ್ಕೊಳ್ಳೋದಾದ್ರೆ ಇದನ್ನೂ ತೆಗೀತಾರೆ. ಗಂಡನ್ನ ಕರ್ಕೊಂಡ್ ಬಾ" ಎಂದರು. ಅಷ್ಟೇ ಮಾತು. ಅತ್ತಿಗೆ ಆಪರೇಷನ್ನಿಗೂ ಒಪ್ಪುವವರೇ. ಆದರೆ ಅದಕ್ಕೆ ಒಂದು ವಾರ ಆಸ್ಪತ್ರೆಯಲ್ಲಿರಬೇಕೆಂದು ಸಾಲಿನಲ್ಲಿದ್ದವರು ಹೇಳಿದರು. ಗಂಡುಮಗು ಕಾಯುತ್ತಿದ್ದ ಮನೆಯಲ್ಲಿ ಏನೆಂದು ಹೇಳಿ ಬರುವುದು?

ಆ ವಾರ ಅವರು ಅಣ್ಣನ ಹತ್ತಿರ ಮಾತೆತ್ತಿದರು. ಅಣ್ಣ ತಟ್ಟೆಯ ಮುಂದೆ ತಲೆತಗ್ಗಿಸಿ ಕೂತು, "ಅವ್ವನ್ನ ಒಂದ್ಮಾತು ಕೇಳ್ತೀನಿ" ಎಂದರಂತೆ. "ಬ್ಯಾಡ್ರಿ, ಕೇಳಬ್ಯಾಡ್ರಿ, ನಾ ಸುಮ್ನೆ ಅಂದೆ" ಎಂದು ಅತ್ತಿಗೆ ಇನ್ನೊಂದು ರೊಟ್ಟಿ ಬಡಿಸಿದರಂತೆ. ಆದರೆ ವಿಷಯ ಎಷ್ಟು ದಿನ ಮುಚ್ಚಿದ್ದೀತು? ಬೆಳಗಿನ ವಾಂತಿ ಅತ್ತೆಯ ಕಣ್ಣಿಗೆ ಬಿತ್ತು. ಆಕೆ ನಮ್ಮ ಮನೆಗೂ ಸಕ್ಕರೆ ಹಂಚಿ ಹೋದರು. "ಮುಂದಿನ ತಿಂಗಳು ದಾವಣಗೆರೆಗೆ ಒಂದ್ಸಲ ಹೋಗಿ ಬರ್ತೀವಿ" ಎಂದು ಅಮ್ಮನಿಗೆ ಕಣ್ಣಲ್ಲೇ ಏನೋ ಹೇಳಿದರು. ಹಿತ್ತಲಿನಲ್ಲಿ ಪಾತ್ರೆ ತಿಕ್ಕುತ್ತಿದ್ದ ಅತ್ತಿಗೆಯ ಕೈ ನಿಂತದ್ದನ್ನು ನಾನು ಗೋಡೆಯಾಚೆಯಿಂದ ನೋಡಿದೆ.

ತವರಿಗೆ ಹೋಗಿ ಬರುತ್ತೇನೆಂದು ಅತ್ತಿಗೆ ಸಾರಥಿಗೆ ಹೋದರು. ಅಲ್ಲಿ ತಾಯಿಗೆ ಎಲ್ಲ ಹೇಳಿಕೊಂಡರು. ಆ ತಾಯಿ ಹೊಲದ ಕೆಲಸದಲ್ಲಿ ಸವೆದು ಒಣಗಿದ ಹೆಂಗಸು. ಮಗಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ಅವ್ರಿಗೆ ಅತ್ತಿ ಬೇಕು ತಾನೆ? ನಾನೇ ಅತ್ತಿ ಅಂತ ಹೇಳ್ತೀನಿ ನಡಿ" ಎಂದರಂತೆ. ನನಗೆ ಹೇಳಿ ಕಳಿಸಿದ್ದರು. ನಾನು ಕಾಲೇಜು ತಪ್ಪಿಸಿ ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ಕಾದೆ. ತಾಯಿ ಪೆಟ್ಟಿಗೆಯಿಂದ ತೆಗೆದ ರೇಷ್ಮೆ ಸೀರೆ ಉಟ್ಟು, ಅನುಕೂಲಸ್ಥರ ಮನೆಯ ಅತ್ತೆಯಂತೆ ಕಾಣಲು ಮಗಳದೇ ಸರ ಹಾಕಿಕೊಂಡಿದ್ದರು. ಮಗಳ ಕೊರಳು ಬರಿದಾಗಿ, ತಾಳಿಯ ಕರಿಮಣಿಯೊಂದೇ ಉಳಿದಿತ್ತು. ತಲೆಯಲ್ಲಿ ಮಾತ್ರ ಮತ್ತೆ ಅದೇ ಮರುಗ.

ಈ ಸಲ ಬೇರೆ ಕ್ಲಿನಿಕ್ಕು. ಸಿಸ್ಟರು ತಾಯಿಯನ್ನೇ ಮಾತಾಡಿಸಿದರು. ತಾಯಿ, "ನಾನು ಅತ್ತಿ ಆಗಬೇಕ್ರಿ" ಎಂದರು. ಯಾರೂ ಅನುಮಾನಿಸಲಿಲ್ಲ. ಆದರೆ ಆಮೇಲೆ ಆ ಸಿಸ್ಟರು ಪೆನ್ನು ಕೆಳಗಿಟ್ಟು, ದನಿ ತಗ್ಗಿಸಿ, "ಮೂರು ತುಂಬೈತೆ. ಈಗ ಯಾಕ ಬ್ಯಾಡ ಅಂತೀರಿ? ಸ್ಕ್ಯಾನ್ ಆಗೈತಾ?" ಎಂದು ಕೇಳಿದರು.

ತಾಯಿಗೆ ಈ ಪ್ರಶ್ನೆ ಬರುತ್ತದೆಂದು ಗೊತ್ತಿರಲಿಲ್ಲ. ಮಗಳ ಮುಖ ನೋಡಿದರು. ನಾನೂ ನೋಡಿದೆ. ಅತ್ತಿಗೆ ಬೆಂಚಿನ ಅಂಚು ಹಿಡಿದು ಕೂತಿದ್ದರು. ರಕ್ತ ಇಲ್ಲ ಎಂದು ಹೇಳಬಹುದಿತ್ತು. ನನಗೆ ಬೇಡ ಎಂದು ಹೇಳಬಹುದಿತ್ತು. ಅವೆರಡನ್ನೂ ಹೇಳಿ ಬರಿಗೈಲಿ ಹಿಂದಿರುಗಿದ್ದಾಗಿತ್ತು...

"ಆಗೈತ್ರಿ" ಎಂದರು. "ಹೆಣ್ಣಂತ್ರಿ."

ಸಿಸ್ಟರು ಇನ್ನೊಂದು ಮಾತು ಕೇಳಲಿಲ್ಲ. ಪಾಪ ಎನ್ನುವಂತೆ ತಲೆಯಾಡಿಸಿ, ಒಳಗಿನ ಬಾಗಿಲು ತೆಗೆದು, "ಬರ್ರಿ" ಎಂದರು.

ಆ ಮಧ್ಯಾಹ್ನ ನಾನು, ಅವರ ತಾಯಿ ಅದೇ ಬೆಂಚಿನಲ್ಲಿ ಕೂತಿದ್ದೆವು. ತಾಯಿ ಸರವನ್ನು ಬಿಚ್ಚಿ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದರು. ಒಮ್ಮೆ ಮಾತ್ರ, "ನಾನೇ ಅಂದ್ಬಿಡ್ತಿದ್ದೆ. ಅಕಿ ಬಾಯಿಂದ ಯಾಕ ಬರಬೇಕಿತ್ತು ಆ ಮಾತು" ಎಂದರು. ಅತ್ತಿಗೆಯನ್ನು ಹೊರಗೆ ಕರೆತಂದಾಗ ಮುಖದಲ್ಲಿ ಬೆವರಿತ್ತು. ಆದರೆ ಕಾಲು ಗಟ್ಟಿಯಾಗಿ ಊರಿ ನಡೆದರು. ಕೆಲಸ ಸರಿಯಾಗಿಯೇ ಆಗಿತ್ತು. ಸಾರಥಿಗೆ ಹೋಗುವ ದಾರಿಯುದ್ದಕ್ಕೂ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದರು.

ಬಿದ್ದುಹೋಯಿತು ಎಂದು ಹರಿಹರಕ್ಕೆ ಹೇಳಿ ಕಳಿಸಿದರು. ಅವರತ್ತೆ ಆ ದಿನವೇ ಓಡಿ ಬಂದರಂತೆ. ಅಂಟಿನುಂಡೆ ಕಟ್ಟಿ ತಂದಿದ್ದರಂತೆ. ಸೊಸೆಯ ತಲೆ ಎದೆಗೊತ್ತಿಕೊಂಡು ಗೊಳೋ ಎಂದು ಅತ್ತು, "ಗಂಡಿತ್ತೋ ಏನೋ ನನ್ನವ್ವಾ" ಎಂದರಂತೆ. ತಿಂಗಳ ಮೇಲೆ ಇದನ್ನು ನನಗೆ ಹೇಳುವಾಗ ಅತ್ತಿಗೆಯ ಕಣ್ಣು ಒಣಗಿತ್ತು. "ಅತ್ತಿ ಅಳೋದು ನಾಟಕ ಅಲ್ಲ ತಂಗಿ, ನಿಜವಾಗ್ಲೂ ಅತ್ರು. ಆದ್ರೆ ನಂಗೆ ಅಳು ಬರ್ಲಿಲ್ಲ. ಹೋದ್ಸಲ ಯಾರೂ ಅಳ್ಲಿಲ್ಲಲ್ಲ" ಎಂದರು.

ಬಸಿರು ಇಳಿಸಿಕೊಂಡಿದ್ದಕ್ಕೆ ಅವರು ಯಾವತ್ತೂ ಪಶ್ಚಾತ್ತಾಪ ಪಡಲಿಲ್ಲ. ಅದನ್ನು ನನಗೆ ಸ್ಪಷ್ಟವಾಗಿ ಹೇಳಿದ್ದರು. ಮೈ ಸುಧಾರಿಸಿತು, ಅಂಗೈಗೆ ಬಣ್ಣ ಬಂತು. ಅವರನ್ನು ಕೊರೆದದ್ದು ಆ ಒಂದು ಮಾತು. "ಮನ್ಯಾಗೆ ಎರಡು ಹೆಣ್ಣುಮಕ್ಕಳನ್ನ ಬಿಟ್ಟು ಹೋಗಿ, ಹೆಣ್ಣು, ಅದಕ್ಕೇ ಬ್ಯಾಡ ಅಂತ ಹೇಳ್ಬಿಟ್ಟೆ ನೋಡು. ಬ್ಯಾರೆ ಏನ್ ಹೇಳಿದ್ರೂ ಅವರು ಬಾಗಿಲು ತೆಗೀತಿರ್ಲಿಲ್ಲ." ಮಕ್ಕಳು ಶಾಲೆಯಿಂದ ಬಂದರೆ ಇದ್ದಕ್ಕಿದ್ದಂತೆ ತಬ್ಬಿಕೊಂಡುಬಿಡುತ್ತಿದ್ದರು. ಅವು ಉಸಿರುಕಟ್ಟಿ, "ಬಿಡವ್ವಾ" ಎಂದು ಕೊಸರುತ್ತಿದ್ದವು. ಹಿತ್ತಲಿನ ಗೋಡೆಯ ಹತ್ತಿರ ನಗು ಕೇಳುವುದು ಕಡಿಮೆಯಾಯಿತು.

ಆಮೇಲೆ ಅವರಿಗೆ ಮಕ್ಕಳಾಗಲಿಲ್ಲ. ಅತ್ತೆ ಮಗನಿಗೆ ಇನ್ನೊಂದು ಮದುವೆಯ ಮಾತೆತ್ತಿದಾಗ, ಸದಾ ಸುಮ್ಮನಿರುತ್ತಿದ್ದ ಅಣ್ಣ ಉಣ್ಣುವುದನ್ನು ಬಿಟ್ಟೆದ್ದು ಮೂರು ದಿನ ಮಿಲ್ಲಿನಲ್ಲೇ ಉಳಿದುಬಿಟ್ಟರು. ಆ ಮಾತು ಅಲ್ಲಿಗೆ ನಿಂತಿತು. ನಾನು ಮದುವೆಯಾಗಿ ಚಿತ್ರದುರ್ಗಕ್ಕೆ ಹೋದೆ, ಅಲ್ಲೇ ಒಂದು ಆಫೀಸಿನಲ್ಲಿ ಕೆಲಸಕ್ಕೂ ಸೇರಿದೆ. ಊರಿಗೆ ಬಂದಾಗಲೆಲ್ಲ ಅತ್ತಿಗೆಯನ್ನು ನೋಡುತ್ತಿದ್ದೆ. ಹೆಣ್ಣುಮಕ್ಕಳಿಬ್ಬರನ್ನೂ ಹಟ ಹಿಡಿದು ಓದಿಸಿದರು. ಹಿರಿಯವಳು ಟೀಚರಾದಳು, ಕಿರಿಯವಳು ಮಿಲ್ಲಿನಲ್ಲಿ ಅಪ್ಪನ ಕುರ್ಚಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಳು. ಆ ದಿನದ ಮಾತನ್ನು ನಾವಿಬ್ಬರೂ ಮತ್ತೆ ಎತ್ತಲಿಲ್ಲ. ಒಮ್ಮೆ ಮಾತ್ರ, ನಾನು ಹೊರಡುವಾಗ ಕೈ ಹಿಡಿದು, "ಹುಡುಗೇರಿಗೆ ಯಾವತ್ತೂ ಗೊತ್ತಾಗಬಾರ್ದು" ಎಂದಿದ್ದರು.

ಕಿಡ್ನಿ ಕೆಟ್ಟು ಅವರು ಹೋದಾಗ ವಯಸ್ಸೇನೂ ಆಗಿರಲಿಲ್ಲ. ನಾನು ಹೋಗುವಷ್ಟರಲ್ಲಿ ಗುಂಡಿಗೆ ಇಳಿಸಿಯಾಗಿತ್ತು. ಇಬ್ಬರು ಹೆಣ್ಣುಮಕ್ಕಳೂ ಮುಂದೆ ನಿಂತು ಅಮ್ಮನಿಗೆ ಮಣ್ಣು ಕೊಟ್ಟರು. ತೊಂಬತ್ತು ದಾಟಿದ್ದ ಅವರತ್ತೆ ಮನೆಯ ಪಡಸಾಲೆಯಲ್ಲಿ ಕೂತು, "ನಾನು ಹೋಗಬೇಕಿತ್ತು" ಎಂದು ಒಂದೇ ಸಮನೆ ಅನ್ನುತ್ತಿದ್ದರು.

ಅದಾದ ಮೇಲೆ ನಮ್ಮ ಆಫೀಸಿನಲ್ಲಿ ಹೆಂಗಸರಿಗೆಂದು ಕಾನೂನಿನ ತಿಳಿವಳಿಕೆಯ ಒಂದು ಸಭೆ ನಡೆಯಿತು. ವಕೀಲೆಯೊಬ್ಬರು ಬಂದು ಆಸ್ತಿ, ಜೀವನಾಂಶ ಎಂದೆಲ್ಲ ಹೇಳುತ್ತ, ನಡುವೆ ಗರ್ಭಪಾತದ ವಿಷಯಕ್ಕೆ ಬಂದರು. ಪ್ರಾಯಕ್ಕೆ ಬಂದ ಹೆಂಗಸಿಗೆ ಅವಳೊಬ್ಬಳ ಒಪ್ಪಿಗೆ ಸಾಕು, ಗಂಡನದಾಗಲಿ ಅತ್ತೆಯದಾಗಲಿ ಸಹಿ ಬೇಕಿಲ್ಲ, ಇದು ಇವತ್ತಿನ ಕಾನೂನಲ್ಲ, ಮೊದಲಿನಿಂದಲೂ ಹೀಗೇ ಇದೆ ಎಂದರು. ಪಕ್ಕದಲ್ಲಿದ್ದವರು ಬರೆದುಕೊಳ್ಳುತ್ತಿದ್ದರು. ನನ್ನ ಕೈ ಮಾತ್ರ ಚೀಲದಲ್ಲಿ ಫೋನು ಹುಡುಕುತ್ತಿತ್ತು. ಅತ್ತಿಗೆಗೆ ಹೇಳಬೇಕು, ನೀವು ಆ ಮಾತು ಆಡಬೇಕಾಗಿಯೇ ಇರಲಿಲ್ಲ ಅತ್ತಿಗೆ, ಬೇಡ ಅಂದದ್ದೇ ಸಾಕಿತ್ತು ಎಂದು ಈಗಲೇ ಹೇಳಬೇಕು...

ಫೋನು ಕೈಗೆ ಸಿಕ್ಕ ಮೇಲೆ ನೆನಪಾಯಿತು, ಕೇಳಿಸಿಕೊಳ್ಳಲು ಅವರಿಲ್ಲ ಎಂದು. ಇವತ್ತಿಗೂ ಆ ಮಾತನ್ನು ಯಾರಿಗೆ ಹೇಳಲಿ ಎಂದು ನನಗೆ ತಿಳಿದಿಲ್ಲ.