ಸೆಟ್ಲ್ ಆಗದ ಶಶಿರೇಖ ಮೇಡಂ

ಕೋಲಾರದ ಚಿನ್ನದ ಗಣಿ ಮುಚ್ಚಿದ ಮೇಲೆ ಈ ಸೀಮೆಯ ಪದವಿ ಕಾಲೇಜುಗಳಲ್ಲಿ ದುಡಿದವರನ್ನು ನೆನೆಯಹೊರಟರೆ ವಿದ್ವಾಂಸರು ಹಲವರು ಸಿಗುತ್ತಾರೆ, ಮನಮುಟ್ಟುವಂತೆ ಪಾಠ ಮಾಡಿದವರೂ ಸಿಗುತ್ತಾರೆ. ಆದರೆ ಪದವಿ ಕೈಗೆ ಬಂದ ಮೇಲೆ ಆ ಹುಡುಗ ಹುಡುಗಿಯರು ಏನಾದರು ಎಂದು ಒಬ್ಬೊಬ್ಬರನ್ನೇ ವಿಚಾರಿಸಿಕೊಂಡು, ವಿಚಾರಿಸಿದ್ದನ್ನು ಇದ್ದದ್ದು ಇದ್ದ ಹಾಗೆ ಅಚ್ಚು ಹಾಕಿಸಿದವರು ಒಬ್ಬರೇ. ಅವರು ಬಂಗಾರಪೇಟೆಯ ನಮ್ಮ ಕಾಲೇಜಿನ ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥೆಯಾಗಿದ್ದು ಈ ವರ್ಷ ನಿವೃತ್ತರಾದ ಶ್ರೀಮತಿ ಶಶಿರೇಖ ಅವರು. ಅಭಿನಂದನ ಸಂಪುಟದಲ್ಲಿ ಗುಣಗಾನವಷ್ಟೇ ಇರಲಿ, ಹಳೆಯ ಜಗಳ ಕೆದಕುವುದು ಬೇಡ ಎಂದು ಹಿತೈಷಿಗಳು ಹೇಳಿದ್ದುಂಟು. ಅವರು ಕ್ಷಮಿಸಬೇಕು. ಮೇಡಂ ಅವರ ಸೇವೆಯಲ್ಲಿ ಎಲ್ಲಕ್ಕಿಂತ ದೊಡ್ಡದು ಒಂದು ಜಗಳವೇ ಆಗಿರುವಾಗ ಅದನ್ನು ಮುಚ್ಚಿಟ್ಟು ಬರಿಯ ಶಾಲು ಹಾರದ ಮಾತಾಡಿದರೆ ಅದು ಅವರಿಗೆ ಮಾಡುವ ಅವಮಾನ.

ಕಾಮಸಮುದ್ರದ ಕಡೆಯ ಹಳ್ಳಿಯೊಂದರ ಬೈರಪ್ಪನವರ ಮಗಳಾಗಿ ಹುಟ್ಟಿದ ಶಶಿರೇಖ ಅವರು ಬಸ್ಸಿನಲ್ಲಿ ನಿಂತು ಓಡಾಡಿಯೇ ಓದಿದವರು. ಎಂ.ಎಸ್ಸಿ. ಮುಗಿದು ಕೆಲಸ ಸಿಗದೆ ಮನೆಯಲ್ಲಿ ಕೂತಿದ್ದ ದಿನಗಳಲ್ಲಿ ಊರವರೆಲ್ಲ ದಿನಬೆಳಗಾದರೆ ಕೇಳುತ್ತಿದ್ದರಂತೆ. ಓದಿಸಿದ ಕಾಲೇಜು ಮಾತ್ರ ಒಂದು ಸಲವೂ “ಏನ್ ಮಾಡ್ತಾ ಇದೀಯಮ್ಮ” ಎಂದು ಕೇಳಲಿಲ್ಲ. ಆ ಬೇಸರ ಅವರ ಮನಸ್ಸಿನಿಂದ ಹೋಗಲೇ ಇಲ್ಲ. ನಮ್ಮ ಕಾಲೇಜಿಗೆ ಉಪನ್ಯಾಸಕಿಯಾಗಿ ಬಂದು, ವಾರ್ಷಿಕ ಸಂಚಿಕೆಯ ಹೊಣೆ ಹೆಗಲಿಗೆ ಬಿದ್ದ ಕೂಡಲೇ ಅವರು ಮಾಡಿದ ಮೊದಲ ಕೆಲಸವೆಂದರೆ ಹಳೆಯ ವಿದ್ಯಾರ್ಥಿಗಳಿಗಾಗಿ ‘ಈಗ ಎಲ್ಲಿದ್ದೀರಿ’ ಎಂಬ ಪುಟವನ್ನು ಆರಂಭಿಸಿದ್ದು.

ಆ ಪುಟಕ್ಕೆ ಸುದ್ದಿ ಕೂಡಿಸುತ್ತಿದ್ದ ರೀತಿಯೂ ಅವರದೇ. ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲು ಬಂಗಾರಪೇಟೆಯಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಗಣಿಯೂರಿನ ಓದಿದ ಮಕ್ಕಳಲ್ಲಿ ಎಷ್ಟೋ ಮಂದಿ ಆ ರೈಲಿನಲ್ಲೇ ಇರುತ್ತಾರೆ. ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಮನೆ ಮಾಡಿದ್ದ ಮೇಡಂ, ಕಾಲೇಜಿಗೆ ಹೊರಡುವ ಮುನ್ನ ಕೈಚೀಲ ಹೆಗಲಿಗೇರಿಸಿ ಪ್ಲಾಟ್‌ಫಾರಂಗೆ ಬಂದು, ಕಿಟಕಿಯಿಂದ ಕಿಟಕಿಗೆ ಇಣುಕುತ್ತ, “ಕೆಲ್ಸ ಹೆಂಗಿದೆಯಪ್ಪ, ಮುಂದಕ್ಕೆ ಓದ್ತಾ ಇದೀಯೇನಮ್ಮ” ಎಂದು ಕೇಳುತ್ತ ಹೋಗುತ್ತಿದ್ದರು. ವೇಣು ಎಂಬ ಬಿ.ಕಾಂ. ಹುಡುಗ ಸಿ.ಎ. ಪರೀಕ್ಷೆಯಲ್ಲಿ ನಪಾಸಾಗಿ, ಮೇಡಂ ಕಣ್ಣಿಗೆ ಬೀಳಬಾರದೆಂದು ಕೊನೆಯ ಬೋಗಿಗೆ ಹತ್ತಿ ಕೂತಿದ್ದ. ಅವರು ಇಡೀ ರೈಲು ಹುಡುಕಿ ಅವನ ಕಿಟಕಿಗೆ ಬಂದು, “ಫೇಲಾದ್ರೆ ಬೋಗಿ ಬದಲಾಯಿಸ್ತಾರೇನಪ್ಪ? ಮತ್ತೆ ಕಟ್ತೀಯೋ ಇಲ್ವೋ, ಅಷ್ಟು ಹೇಳು” ಎಂದರು. ಆ ವರ್ಷದ ಸಂಚಿಕೆಯಲ್ಲಿ ಅವನ ಸಾಲು ಹೀಗಿತ್ತು: ‘ವೇಣು, ಬಿ.ಕಾಂ.: ಹಗಲು ಆಫೀಸಿನಲ್ಲಿ ದುಡಿಯುತ್ತಿದ್ದಾನೆ, ಸಂಜೆ ಸಿ.ಎ. ಪರೀಕ್ಷೆಗೆ ಮತ್ತೆ ಓದುತ್ತಿದ್ದಾನೆ.’ ನಂದಕುಮಾರನದು ಅದರ ಕೆಳಗೆ: ‘ಅಪ್ಪನ ಪಾನಿಪುರಿ ಗಾಡಿ ನೋಡಿಕೊಳ್ಳುತ್ತ ದೂರಶಿಕ್ಷಣದಲ್ಲಿ ಎಂ.ಕಾಂ. ಮಾಡುತ್ತಿದ್ದಾನೆ.’ ದಿವ್ಯಳದು ಇನ್ನೂ ಚಿಕ್ಕದು: ‘ಬಿ.ಇಡಿ. ಆಗಿದೆ, ಶಾಲೆ ಹುಡುಕುತ್ತಿದ್ದಾಳೆ.’ ಆ ಸಾಲು ಓದಿಯೇ ಹಳೆಯ ವಿದ್ಯಾರ್ಥಿಯೊಬ್ಬರು ತಮ್ಮ ಶಾಲೆಗೆ ದಿವ್ಯಳನ್ನು ಕರೆಸಿಕೊಂಡರು. ಪ್ರತಿಯೊಂದು ಸಾಲೂ ‘ಮಾಡುತ್ತಿದ್ದಾಳೆ, ಓದುತ್ತಿದ್ದಾನೆ’ ಎಂದೇ ಮುಗಿಯಬೇಕೆಂಬುದು ಮೇಡಂ ಇಟ್ಟುಕೊಂಡ ನಿಯಮ. ಬದುಕಿರುವವರ ಸುದ್ದಿಗೆ ಪೂರ್ಣವಿರಾಮ ಇಡುವ ಅಧಿಕಾರ ತಮಗಿಲ್ಲ ಎನ್ನುತ್ತಿದ್ದರು.

ಈ ಪುಟಕ್ಕೆ ಕೇಡು ಬಂದದ್ದು ಕಾಲೇಜಿನ ಆಡಳಿತ ಮಂಡಳಿಗೆ ರವಿಶಂಕರ್ ಅವರು ಕಾರ್ಯದರ್ಶಿಯಾಗಿ ಬಂದ ಮೇಲೆ. ಹೆಸರು ಬರೆಯಲು ಹಿಂಜರಿಯುವ ಕಾರಣವಿಲ್ಲ, ಅವರು ಮಾಡಿದ್ದೆಲ್ಲ ಹಾಡಹಗಲಲ್ಲೇ ಮಾಡಿದ್ದು. ಅವರಿಗೆ ಬೇಕಾದದ್ದು ಮಕ್ಕಳ ಸುದ್ದಿಯಲ್ಲ, ಅಡ್ಮಿಷನ್. ಪಾನಿಪುರಿ ಗಾಡಿಯ ಸಾಲಿಗೆ ಕೆಂಪು ಗೀಟು ಹೊಡೆದು, “ಇದನ್ನೆಲ್ಲ ಹಾಕಿದ್ರೆ ಯಾರ್ ಮೇಡಂ ಬಂದು ಸೇರ್ತಾರೆ?” ಎಂದು ಕೇಳಿದರಂತೆ. ಬಿಸಿಲಲ್ಲಿ ನಿಂತು ದುಡಿದು ಎಂ.ಕಾಂ. ಓದುವ ಹುಡುಗನಿಂದ ಕಾಲೇಜಿನ ಮಾನ ಹೋಗುತ್ತದೆಂದು ಎಣಿಸುವ ತಲೆಗೆ ಏನು ಹೇಳುವುದು? ಹಳೆಯ ಶೀರ್ಷಿಕೆ ಹೋಗಿ ‘ಸೆಟ್ಲ್ ಆದ ನಮ್ಮ ಹೆಮ್ಮೆಯ ವಿದ್ಯಾರ್ಥಿಗಳು’ ಎಂಬ ಹೊಸದು ಬಂತು. ಅದೇ ಮಾತು ಫೋಟೋಗಳ ಸಮೇತ ದೊಡ್ಡ ಫ್ಲೆಕ್ಸ್ ಆಗಿ ಗೇಟಿನ ಮೇಲೂ ಏರಿತು. ಕಂಪನಿ ಕೆಲಸದವರಿಗೆ ಮಾತ್ರ ಅದರಲ್ಲಿ ಜಾಗ.

ಆ ಫ್ಲೆಕ್ಸಿನ ನಟ್ಟನಡುವೆ ಇದ್ದವಳು ಗಣಿಯೂರಿನ ಚಾಂಪಿಯನ್ ರೀಫ್ಸ್‌ನ ಇಂದ್ರಾಣಿ. ತಂದೆಯಿಲ್ಲದ ಹುಡುಗಿ, ಗಣಿಯಲ್ಲಿ ದುಡಿದ ತಾತ ಕುಪ್ಪುಸ್ವಾಮಿಯವರೇ ಸಾಕಿದವರು. ಬಿ.ಎಸ್ಸಿ. ಆದ ಮೇಲೆ ಒಂದು ಔಷಧ ಕಂಪನಿಗೆ ಸೇರಿದ್ದಳು. ಕಿಟಕಿಯ ಬಳಿ ನಿಂತು ಮೇಡಂ ಕೇಳಿದಾಗಲೆಲ್ಲ, “ಬಾಟ್ಲು ಎಣಿಸ್ತೀನಿ ಮೇಡಂ, ಓದಿದ್ದೆಲ್ಲ ಮರ್ತೋಯ್ತಾ ಐತೆ” ಎನ್ನುತ್ತಿದ್ದಳು. ಅವಳಿಗೆ ಧೈರ್ಯ ಹೇಳಿ, ತಾತನಿಗೆ ತಿಳಿಯಹೇಳಿ, ಕೋಲಾರದ ಕಡೆ ಎಂ.ಎಸ್ಸಿ.ಗೆ ಸೇರಿಸಿ, ಬಡ ವಿದ್ಯಾರ್ಥಿನಿಯರ ಹಾಸ್ಟೆಲಿನಲ್ಲಿ ಸೀಟು ಸಿಗುವವರೆಗೂ ಓಡಾಡಿದವರು ಮೇಡಂ. ಪ್ರಯೋಗಾಲಯ ಮುಗಿಯುವ ಹೊತ್ತಿಗೆ ಚಾಂಪಿಯನ್ ರೀಫ್ಸ್ ಕಡೆಗೆ ಬಸ್ಸಿರುವುದಿಲ್ಲ. ಹಾಸ್ಟೆಲು ಹೋದರೆ ಓದೂ ಹೋದ ಹಾಗೆಯೇ. ಮೇಡಂ ಬರೆದುಕೊಟ್ಟದ್ದು ‘ಕಂಪನಿ ಕೆಲಸ ಬಿಟ್ಟು ಎಂ.ಎಸ್ಸಿ. ಓದುತ್ತಿದ್ದಾಳೆ’ ಎಂದು. ಸಂಚಿಕೆಯಲ್ಲೂ ಫ್ಲೆಕ್ಸಿನಲ್ಲೂ ಅಚ್ಚಾದದ್ದು ‘ಔಷಧ ಕಂಪನಿಯಲ್ಲಿ ಸೆಟ್ಲ್’ ಎಂದು. ‘ಬಿಟ್ಟು’ ಎಂಬ ಮಾತು ನೆಗೆಟಿವ್ ಆಗುತ್ತದೆಂದು ಕಾರ್ಯದರ್ಶಿಗಳು ತೆಗೆಸಿದ್ದರು.

ಫ್ಲೆಕ್ಸ್ ಏರಿದ ಎರಡು ದಿನಕ್ಕೆ ಕುಪ್ಪುಸ್ವಾಮಿಯವರು ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತರು. ಅವರ ಮನೆಮಾತು ತಮಿಳು, ಕನ್ನಡ ಓದಲು ಬಾರದು. ಪಕ್ಕದ ಮನೆಯವರು ಫ್ಲೆಕ್ಸ್ ನೋಡಿಬಂದು ಅದರಲ್ಲಿದ್ದುದನ್ನು ಹೇಳಿದ್ದರು.

“ಅಮ್ಮಾ, ನಮ್ ಪೇತ್ತಿ ಇಂದ್ರಾಣಿಗೆ ಸೆಟ್ಲ್‌ಮೆಂಟ್ ಕೊಟ್ಟುಟ್ರಂತೆ. ಏನಮ್ಮಾ ತಪ್ಪು ಮಾಡಿದ್ಲು ಮಗು? ನನ್ಹತ್ರ ಒಂದ್ ಮಾತೂ ಏಳ್ಲಿಲ್ಲ.”

ರೂಮಿನಲ್ಲಿದ್ದವರೆಲ್ಲ ನಕ್ಕುಬಿಟ್ಟರು. ಮೇಡಂ ನಗಲಿಲ್ಲ. ಅವರಿಗೆ ಗೊತ್ತಿತ್ತು: ಊರಿಗೆಲ್ಲ ಸೆಟ್ಲ್ ಎಂದರೆ ನೆಲೆ ಕಂಡದ್ದು, ಗಣಿ ಕಾರ್ಮಿಕರ ಲೈನ್ ಮನೆಗಳಲ್ಲಿ ಮಾತ್ರ ಸೆಟ್ಲ್‌ಮೆಂಟ್ ಎಂದರೆ ಕೆಲಸ ಮುಗಿಯಿತು, ಇನ್ನು ಒಳಗೆ ಬರಬೇಡ ಎಂದು ಕೈಗೆ ಚೀಟಿ ಕೊಟ್ಟು ಗೇಟಿನಿಂದ ಹೊರಗೆ ಕಳಿಸಿದ್ದು. ಕುಪ್ಪುಸ್ವಾಮಿಯವರಿಗೆ ಹಾಗೆ ಆದದ್ದು, ಅವರ ಓರಗೆಯವರಿಗೆಲ್ಲ ಆದದ್ದು. ಮೊಮ್ಮಗಳಿಗೂ ಆಯಿತೆಂದು ಆ ಮುದುಕರು ಚಾಂಪಿಯನ್ ರೀಫ್ಸ್‌ನಿಂದ ಓಡಿಬಂದಿದ್ದರು. ಮೇಡಂ ಅವರನ್ನು ಕೂರಿಸಿ, ಕಾಫಿ ತರಿಸಿಕೊಟ್ಟು, “ಇಂದ್ರಾಣಿ ಓದ್ತಾ ಇದಾಳೆ ಕುಪ್ಪುಸ್ವಾಮಿಯಣ್ಣ, ಯಾರೂ ತೆಗೆದಿಲ್ಲ” ಎಂದು ಸಮಾಧಾನ ಮಾಡಿ ಕಳಿಸಿದರು.

ಆದರೆ ಆ ವಾರ ಕಳೆಯುವುದರೊಳಗೆ ನಕ್ಕವರೆಲ್ಲ ತಲೆ ತಗ್ಗಿಸಬೇಕಾಯಿತು. ಹಾಸ್ಟೆಲಿಗೆ ಯಾರೋ ಫ್ಲೆಕ್ಸಿನ ಫೋಟೋ ಕಳಿಸಿದ್ದರು. ಕೆಲಸದಲ್ಲಿ ಇರುವವರಿಗೆ ಅಲ್ಲಿ ಸೀಟಿಲ್ಲ. ಇಂದ್ರಾಣಿ ಅಳುತ್ತ ಬಂದು, “ಮೇಡಂ, ರೂಮು ಖಾಲಿ ಮಾಡು ಅಂತಾವ್ರೆ. ಕಂಪ್ನಿ ಬಿಟ್ಟಿದೀನಿ ಅಂದ್ರೂ ಕೇಳ್ತಿಲ್ಲ. ನಿಮ್ ಕಾಲೇಜ್ನೋರೇ ಹಾಕವ್ರಲ್ಲ ಅಂತಾರೆ” ಎಂದಳು. ತಾತ ಹೆದರಿದ್ದೇ ನಿಜವಾಗಿತ್ತು. ಓದುವ ಹುಡುಗಿಗೆ ಅವಳನ್ನು ಓದಿಸಿದ ಕಾಲೇಜೇ ಸೆಟ್ಲ್‌ಮೆಂಟ್ ಕೊಟ್ಟಿತ್ತು. ಇದಕ್ಕಿಂತ ನಾಚಿಕೆಗೇಡು ಇನ್ನೇನಿದೆ?

ಮೇಡಂ ಹಾಸ್ಟೆಲಿಗೆ ಹೋದರು. ಕಾಲೇಜು ತಪ್ಪೊಪ್ಪಿ ಪತ್ರ ಕೊಟ್ಟು ಫ್ಲೆಕ್ಸ್ ಇಳಿಸಿದರೆ ಸೀಟು ಉಳಿಯುತ್ತದೆ ಎಂದರು ವಾರ್ಡನ್. ಮೇಡಂ ಅಲ್ಲಿಂದ ನೇರವಾಗಿ ಕಾರ್ಯದರ್ಶಿಗಳ ಕೊಠಡಿಗೆ ಬಂದರು.

“ಒಳ್ಳೇದನ್ನೇ ಹಾಕಿದೀವಲ್ಲ ಮೇಡಂ,” ಎಂದರು ರವಿಶಂಕರ್. “ಸೆಟ್ಲ್ ಆಗಿದಾಳೆ ಅಂದ್ರೆ ಬೈದ ಹಾಗಾ? ಅಡ್ಮಿಷನ್ ಮುಗೀಲಿ, ಇಳಿಸೋಣ.”

“ಅಷ್ಟು ಹೊತ್ತಿಗೆ ಅವಳು ಮನೇಲಿ ಕೂತಿರ್ತಾಳೆ. ಒಂದು ಮಾತು ಕೇಳಿ. ನಮ್ಮ ಲ್ಯಾಬಲ್ಲಿ ಸೆಟ್ಲ್ ಆಗೋದು ಗಾಜಿನ ನಳಿಕೆ ತಳದಲ್ಲಿರೋ ಗಸಿ. ನಮ್ಮ ಮಕ್ಕಳು ಗಸಿಯಲ್ಲ.”

“ನೀವೂ ಇನ್ನು ಸ್ವಲ್ಪ ದಿನ ಇರೋರು. ಯಾಕೆ ಇದನ್ನೆಲ್ಲ ಹಚ್ಕೊಳ್ತೀರ? ಆರಾಮಾಗಿ ರಿಟೈರ್ ಆಗಿ ಸೆಟ್ಲ್ ಆಗಿ.”

ಮೇಡಂ ಎದ್ದು ಬಂದರು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಸುಮ್ಮನಾಗುತ್ತಿದ್ದರು. ಅವರ ಸಹೋದ್ಯೋಗಿಗಳಾದ ನಮ್ಮಲ್ಲಿ ಬಹಳ ಮಂದಿ ಸುಮ್ಮನೇ ಇದ್ದೆವು. ಪಿಂಚಣಿಯ ಕಾಗದಪತ್ರಗಳು ಅದೇ ಕೊಠಡಿಯ ಮೂಲಕ ಹೋಗಬೇಕಾಗಿದ್ದ ಕಾಲವದು.

ಅಡ್ಮಿಷನ್ ದಿನ ಸಭಾಂಗಣ ತುಂಬ ತಾಯಿತಂದೆಯರು. ಹಳೆಯ ವಿದ್ಯಾರ್ಥಿಗಳ ಸಾಧನೆಯ ಬಗ್ಗೆ ಎರಡು ಮಾತಾಡಬೇಕೆಂದು ವೇದಿಕೆಯಿಂದ ಕಾರ್ಯದರ್ಶಿಗಳೇ ಮೇಡಂ ಅವರನ್ನು ಕರೆದರು. ಮೇಡಂ ಮೈಕಿನ ಮುಂದೆ ನಿಂತು, ತಾವು ಬರೆದುಕೊಟ್ಟಿದ್ದ, ಅಚ್ಚಾಗದೆ ಹೋದ ಪುಟವನ್ನು ಮೊದಲಿನಿಂದ ಓದಿದರು. ಪಾನಿಪುರಿ ಗಾಡಿಯನ್ನು ಓದಿದರು. ಎರಡನೇ ಸಲವೂ ನಪಾಸಾಗಿ ಮೂರನೇ ಸಲ ಕಟ್ಟುತ್ತಿದ್ದ ವೇಣುವನ್ನು ಓದಿದರು. ಕೆಲಸ ಹುಡುಕುತ್ತಿರುವವರನ್ನೆಲ್ಲ ಹೆಸರು ಹಿಡಿದು ಓದಿದರು. ಕೊನೆಗೆ ಇಂದ್ರಾಣಿಯ ಸಾಲು ಓದಿ ಹಾಳೆ ಮಡಚಿದರು.

“ಈ ಹುಡುಗಿ ಗೇಟಿನ ಮೇಲಿದಾಳೆ, ನೋಡಿರ್ತೀರ. ಅಲ್ಲಿ ಬರ್ದಿರೋದು ಸುಳ್ಳು. ಆ ಸುಳ್ಳಿಂದ ಅವಳ ಹಾಸ್ಟೆಲ್ ಸೀಟು ಹೋಗ್ತಾ ಇದೆ. ಅದು ಇಳಿಯೋವರೆಗೂ ನಾನು ಅಡ್ಮಿಷನ್ ಟೇಬಲ್‌ಗೆ ಕೂರಲ್ಲ. ನೀವು ಮಕ್ಕಳನ್ನ ಸೇರಿಸ್ತೀರೋ ಬಿಡ್ತೀರೋ ನಿಮಗೆ ಬಿಟ್ಟದ್ದು.”

ರವಿಶಂಕರ್ ಎದ್ದು ಮೈಕಿಗೆ ಕೈ ಹಾಕಿದರು. ಅಷ್ಟರಲ್ಲಿ ಕಾಮಸಮುದ್ರದ ಕಡೆಯಿಂದ ಮಗಳನ್ನು ಕರೆತಂದಿದ್ದ ನಾರಾಯಣಮ್ಮ ಎಂಬ ತಾಯಿ ಕೂತಲ್ಲಿಂದಲೇ ಮಾತಾಡಿದರು: “ಸಾರ್, ನಾವ್ ಮಗ್ಳುನ್ನ ಓದ್ಸಕ್ಕೆ ಕರ್ಕಂಡ್ ಬಂದಿರಾದು, ಗೇಟಿಗೆ ನೇತಾಕ್ಸಕ್ಕಲ್ಲ. ಆ ಮಗೀನ ಮೊದ್ಲು ಕೆಳಕ್ಕಿಳ್ಸಿ. ಆಮ್ಯಾಕೆ ನಮ್ ಅರ್ಜಿ ಕೊಡ್ತೀವಿ.” ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ಅರ್ಜಿ ಮಡಚಿ ಕೈಯಲ್ಲೇ ಇಟ್ಟುಕೊಂಡರು. ಮಗುವಿನ ಓದು ಹಾಳಾಗುತ್ತದೆಂದರೆ ಕರಗದ ಕಾರ್ಯದರ್ಶಿಗಳ ಮನಸ್ಸು ಖಾಲಿ ಟೇಬಲ್ ನೋಡಿ ಕರಗಿತು. ಮಧ್ಯಾಹ್ನದ ಊಟಕ್ಕೆ ಮೊದಲೇ ಫ್ಲೆಕ್ಸ್ ಕೆಳಗಿತ್ತು. ಹಾಸ್ಟೆಲಿಗೆ ಕೊಡುವ ಪತ್ರದಲ್ಲಿ ಅವರು ‘ಕಣ್ತಪ್ಪಿನಿಂದ’ ಎಂದು ಬರೆಸಹೊರಟಾಗ ಮೇಡಂ ಅದನ್ನು ಹೊಡೆದುಹಾಕಿಸಿ, ‘ಕಾಲೇಜಿನ ತಪ್ಪಿನಿಂದ’ ಎಂದು ಬರೆಸಿ ಸಹಿ ಹಾಕಿಸಿಕೊಂಡರು. ಆ ಪತ್ರವನ್ನು ತಾವೇ ಕೋಲಾರಕ್ಕೆ ಒಯ್ದು ಕೊಟ್ಟರು. ಸೀಟು ಉಳಿಯಿತು. ಇಂದ್ರಾಣಿ ಈಗ ಎರಡನೇ ವರ್ಷದಲ್ಲಿ ಓದುತ್ತಿದ್ದಾಳೆ.

ಇದಕ್ಕೆ ಪ್ರತಿಫಲವೆಂಬಂತೆ, ಕಾಲೇಜಿನಲ್ಲಿ ಜವಾನರಿಂದ ಪ್ರಾಂಶುಪಾಲರವರೆಗೆ ಎಲ್ಲರಿಗೂ ನಡೆಯುವ ಬೀಳ್ಕೊಡುಗೆ ಶಶಿರೇಖ ಅವರಿಗೆ ನಡೆಯಲಿಲ್ಲ. ಸಭಾಂಗಣದಲ್ಲಿ ರಿಪೇರಿ ಇದೆ ಎಂದರು. ರಿಪೇರಿ ಇಂದಿಗೂ ಆರಂಭವಾಗಿಲ್ಲ. ಆ ಅವಮಾನವನ್ನು ಮೇಡಂ ಮರೆತಿರಬಹುದು, ನಾವು ಮರೆತಿಲ್ಲ. ಈ ಸಂಪುಟ ಹುಟ್ಟಿದ್ದೇ ಆ ಸಿಟ್ಟಿನಿಂದ, ಇದನ್ನು ಹೊರತಂದವರು ಅವರು ಕಿಟಕಿಯಲ್ಲಿ ಇಣುಕಿ ಸುದ್ದಿ ಕೇಳಿದ ಮಕ್ಕಳು.

ನಿವೃತ್ತಿಯ ಮಾರನೆಯ ಬೆಳಗ್ಗೆ ಆ ಮಕ್ಕಳು ಬಂಗಾರಪೇಟೆ ಪ್ಲಾಟ್‌ಫಾರಂನಲ್ಲಿ ಹಾರ ಹಿಡಿದು ಇಳಿದಾಗ ಮೇಡಂ ಎಂದಿನಂತೆ ಕೈಚೀಲ ಹೆಗಲಿಗೆ ಹಾಕಿಕೊಂಡು ಅಲ್ಲೇ ಇದ್ದರು. ಹಾರ ಹಾಕಲು ಮಕ್ಕಳು ಮುಂದೆ ಮಾಡಿದ್ದು ಕುಪ್ಪುಸ್ವಾಮಿಯವರನ್ನು. ಅವರು ಹಾರವನ್ನು ಕೈಯಲ್ಲೇ ಹಿಡಿದು, ಹಾಕಲು ಮನಸ್ಸು ಬಾರದವರಂತೆ ನಿಂತು, “ಅಮ್ಮಾ, ನಿಮ್ಗೂ ಸೆಟ್ಲ್‌ಮೆಂಟ್ ಆಗೋಯ್ತಾ?” ಎಂದು ಮೆಲ್ಲಗೆ ಕೇಳಿದರು.

“ಇಲ್ಲ ಕುಪ್ಪುಸ್ವಾಮಿಯಣ್ಣ, ಕೆಲಸ ನಡೀತಾ ಇದೆ” ಎಂದು ಮೇಡಂ ತಲೆ ಬಾಗಿಸಿದರು. ಹಾರ ಕೊರಳಿಗೆ ಬಿದ್ದದ್ದೇ, ರೈಲು ಹೊರಡುವ ಮುಂಚೆ ಇನ್ನೂ ಕೇಳದ ಕಿಟಕಿಗಳಿವೆಯೆಂದು ಹೊರಟುಬಿಟ್ಟರು.

ಅವರಿಗೆ ದೀರ್ಘಾಯುಸ್ಸೂ ಆರೋಗ್ಯವೂ ಇರಲಿ. ಆ ಪುಟ ಇನ್ನು ಕಾಲೇಜಿನ ಹಂಗಿಲ್ಲದೆ, ಹಳೆಯ ಹೆಸರಿನಲ್ಲೇ, ಈ ಮಕ್ಕಳ ಕೈಯಿಂದಲೇ ಅಚ್ಚಾಗಲಿ. ಶಶಿರೇಖ ಮೇಡಂ ಎಂದೆಂದಿಗೂ ಸೆಟ್ಲ್ ಆಗದಿರಲಿ.