ಸೋಲಾರ್ ಪ್ಲೇಟಿನ ಕುಂಕುಮ

ಖಂಡೇನವಮಿಯ ಆಯುಧಪೂಜೆ ಮುಗಿದ ಮೇಲೆ ಹಿಂಜವಾಡಿಯ ಕೂಲಿಕಾರರ ತಗಡಿನ ಶೆಡ್ಡುಗಳಿಗೆ ಹೋಗಿದ್ದೆ. ಅಲ್ಲಿರುವವರೆಲ್ಲ ಕಲಬುರಗಿ, ಯಾದಗಿರಿ ಕಡೆಯವರು, ಹೊಸ ಫ್ಲ್ಯಾಟುಗಳನ್ನು ಕಟ್ಟುವವರು. ನಮ್ಮ ಮಹಿಳಾ ಮಂಡಳಿ ಅಲ್ಲಿನ ಬಸುರಿಯರ ಆರೋಗ್ಯ ನೋಡುತ್ತದೆ. ಉಳಿದವರೆಲ್ಲ ಮರಾಠಿಯವರು, ಕನ್ನಡ ಬರುತ್ತದೆಂದು ನನ್ನನ್ನೂ ಸೇರಿಸಿಕೊಂಡಿದ್ದರು. ಶೆಡ್ಡುಗಳಿಗೆ ಕರೆಂಟಿಲ್ಲ. ಮಂಡಳಿಯ ಮೊಬೈಲು, ಅದಕ್ಕೆ ಜೋಡಿಸಿದ ಬಿ.ಪಿ. ಮಷೀನು, ಎರಡೂ ಬಿಸಿಲಿನಿಂದಲೇ ಚಾರ್ಜ್ ಆಗಬೇಕು. ಅದರ ಸೋಲಾರ್ ಪ್ಲೇಟನ್ನು ಒಬ್ಬ ಮುದುಕಿಯ ಶೆಡ್ಡಿನ ಮೇಲೆ ಇಟ್ಟಿದ್ದೆವು.

ಆ ಮುದುಕಿಯ ಸೊಸೆಗೇ ಏಳು ತಿಂಗಳು. ಅವತ್ತು ನೋಡಿದರೆ ಹುಡುಗಿಯ ಮುಖ ಬಾತಿದೆ. ತಲೆ ಸಿಡಿಯುತ್ತಿದೆ, ಕಣ್ಣು ಮಂಜಾಗಿದೆ ಎಂದಳು. ಬಿ.ಪಿ. ಏರಿದ ಲಕ್ಷಣಗಳಿವು.

"ಆಯಿ, ಈಗಿಂದೀಗ ದವಾಖಾನಿಗೆ ಹೋಗೂಣು."

"ಮಷೀನ್ ಹೇಳ್ಲಿ, ಹೋಗೂಣು," ಎಂದಳು ಅತ್ತೆ. "ಹ್ವಾದ ಸಲಾನೂ ನೀವು ಅಂಜಿಸಿದ್ರಿ. ಮಷೀನ್ ಏನೂ ಇಲ್ಲ ಅಂತು."

ಮಷೀನು ಬಾಯಿಬಿಡಲಿಲ್ಲ. ಹಬ್ಬದಿಂದ ಚಾರ್ಜೇ ಆಗಿಲ್ಲ. ಡ್ರಮ್ಮಿನ ಮೇಲೆ ಹತ್ತಿ ನೋಡಿದೆ. ಪ್ಲೇಟಿನ ಅಗಲಕ್ಕೂ ವಿಭೂತಿ, ಅರಿಶಿನ, ಕುಂಕುಮ ಒಣಗಿ ಹತ್ತಿಕೊಂಡಿವೆ. ಕರಣಿ, ಸಲಿಕೆಗಳ ಜೊತೆ ಇದಕ್ಕೂ ಪೂಜೆಯಾಗಿದೆ.

"ದಿನಾ ದುಡೀತದಲ್ರಿ ಅಕ್ಕಾರ, ಅದಕ್ಕ ಬ್ಯಾಡೇನು ಪೂಜಿ?" ಎಂದಳು ಮುದುಕಿ ಕೆಳಗಿನಿಂದ.

ಒದ್ದೆ ಬಟ್ಟೆ ಕೇಳಿದೆ. ಮುದುಕಿ ಅಡ್ಡ ನಿಂತಳು. "ಬಸರ ಹೆಂಗಸಿನ ಮುಂದ ಕುಂಕುಮ ಒರಸ್ತೀರಾ? ನನ್ನ ಮಗ ಅಷ್ಟ ಎತ್ತರದಾಗ ನಿಂತು ಗ್ವಾಡಿಗಿ ಗಿಲಾವ್ ಮಾಡ್ಲಿಕತ್ಯಾನ್ರಿ!"

ಕುಂಕುಮವಿಲ್ಲದೆ ಹೊಸ್ತಿಲು ದಾಟದವಳು ನಾನೂ. ದೇವರೇ, ಒಂದು ದಾರಿ ತೋರಿಸು ಎಂದುಕೊಂಡೆ.

"ಒರಸೂದಲ್ಲ ಆಯಿ. ಪ್ರಸಾದ ತಗೊಳ್ಳೂದು."

ಪ್ಲೇಟನ್ನು ಕೆಳಗಿಳಿಸಿ, ಬೆರಳು ಒದ್ದೆ ಮಾಡಿ ಅದರಿಂದ ಕುಂಕುಮ ತೆಗೆದು ಮೊದಲು ಸೊಸೆಯ ಹಣೆಗೆ, ಆಮೇಲೆ ಅತ್ತೆಯ ಹಣೆಗೆ ಹಚ್ಚಿದೆ. ಅಕ್ಕಪಕ್ಕದ ಹೆಂಗಸರೂ ಬಂದು ಹಣೆಯೊಡ್ಡಿದರು.

"ನನಗ ಇನ್ನೊಂದೀಟು ಹಚ್ರಿ, ನನ್ನ ಗಂಡಗ ಬುದ್ಧಿ ಬರ್ಲಿ," ಎಂದಳು ಒಬ್ಬಳು. ಎಲ್ಲರೂ ನಕ್ಕರು. ಸೊಸೆ ನಗಲಿಲ್ಲ, ತಲೆ ಹಿಡಿದುಕೊಂಡೇ ಕೂತಿದ್ದಳು.

ಉಳಿದ ಕಲೆಯನ್ನು ನೀರು ಚಿಮುಕಿಸಿ ತೊಳೆದು ಪ್ಲೇಟನ್ನು ಬಿಸಿಲಿಗಿಟ್ಟೆ. ಪುಣ್ಯಕ್ಕೆ ಬಿಸಿಲು ಚುರುಕಾಗಿತ್ತು. ಕಾದು ಕಾದು ಕಡೆಗೆ ಮಷೀನಿಗೆ ಜೀವ ಬಂತು, ಸೊಸೆಯ ತೋಳಿಗೆ ಅದರ ಪಟ್ಟಿ ಕಟ್ಟಿದೆ. ಮೊಬೈಲಿನಲ್ಲಿ ಕೆಂಪು ಬಣ್ಣ ಮೂಡಿತು. ಮುದುಕಿಗೆ ಓದು ಬಾರದು, ಆದರೆ ಕೆಂಪು ಗೊತ್ತು. ಸೊಸೆಯ ಚಪ್ಪಲಿ ತಂದು ಅವಳ ಕಾಲ ಬಳಿ ಇಟ್ಟಳು.

ಆಟೋದಲ್ಲಿ, ಕಂಪನಿ ಬಸ್ಸುಗಳ ನಡುವೆ ಸಿಕ್ಕಿಕೊಂಡಿದ್ದಾಗ, ಆ ಹುಡುಗಿಯ ಕೈಕಾಲು ಸೆಟೆದುಕೊಂಡವು. ದವಾಖಾನೆಯಲ್ಲಿ ಕೂಡಲೇ ಆಪರೇಷನ್ ಮಾಡಿದರು. ತಾಯಿ ಕಣ್ಣು ತೆರೆದಳು. ಅದೇ ದೊಡ್ಡದು. ಕೂಸನ್ನು, ಅಂಗೈಯಷ್ಟಿದ್ದುದನ್ನು, ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದರು. ಎರಡು ದಿನ ಕಳೆಯಲಿ, ಆಮೇಲೆ ಹೇಳುತ್ತೇವೆ ಎಂದರು ಡಾಕ್ಟರು.

ಮುದುಕಿ ಬಾಗಿಲ ಹೊರಗೆ ಬಹಳ ಹೊತ್ತು ಪೆಟ್ಟಿಗೆಯನ್ನೇ ನೋಡುತ್ತಿದ್ದಳು.

"ಇದೂ ಬಿಸಲಿನ ಮ್ಯಾಲ ನಡೀತದೇನ್ರಿ?"

"ಇಲ್ಲ ಆಯಿ, ಕರೆಂಟಿನ ಮ್ಯಾಲ."

"ಅದು ಹ್ವಾದರ?"

"ಹೋಗೂದಿಲ್ಲ," ಎಂದೆ. ಹಾಗೆಂದವಳು ನಾನೂ ತಲೆಯ ಮೇಲಿನ ಟ್ಯೂಬ್‌ಲೈಟನ್ನೇ ನೋಡುತ್ತ ಅವಳ ಪಕ್ಕ ಕೂತೆ.